ಆರಿದ್ರಾ ಮಳೆಯಲ್ಲಿ ಮುನಿಸಿಕೊಂಡ ಗಾಡಿ: ಮನೆಯಲ್ಲೇ ದೋಷ ಹುಡುಕುವ ಬಗೆ

ಆರಿದ್ರಾ ಮಳೆ ಹಿಡಿದು ಮೂರನೇ ದಿನ. ಕೊಟ್ಟಿಗೆ ಮಾಡಿನಡಿ ನಿಲ್ಲಿಸಿದ್ದ ನನ್ನ ಹಳೇ ಸ್ಪ್ಲೆಂಡರ್ ಬೈಕ್ ಕಿಕ್ಕಿಗೆ ಬಗ್ಗಲಿಲ್ಲ. ಇಪ್ಪತ್ತು ಕಿಕ್ ಹೊಡೆದೆ, ಹೊಸ ಪ್ಲಗ್ ಹಾಕಿದೆ, ಕೊನೆಗೆ ಸಿಟ್ಟಿನಲ್ಲಿ ಕಾರ್ಬುರೇಟರನ್ನೇ ಬಿಚ್ಚಿ ಪೇಪರಿನ ಮೇಲೆ ಹರಡಿದೆ. ಮಧ್ಯಾಹ್ನದ ಹೊತ್ತಿಗೆ ಗೊತ್ತಾದ ತಪ್ಪು ಇಷ್ಟೇ: ಹಿಂದಿನ ವಾರ ಪ್ಲಗ್ ಕ್ಲೀನ್ ಮಾಡುವಾಗ ಕ್ಯಾಪನ್ನು ಎಳೆದ ರಭಸಕ್ಕೆ ಅದು ವೈರಿನಿಂದ ಅರ್ಧ ಕಳಚಿತ್ತು. ಎಳೆದವನು ನಾನೇ.

ಅಂದಿನಿಂದ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಗಾಡಿ ಕೊನೆಯ ಸಲ ಸರಿಯಿದ್ದದ್ದು ಯಾವಾಗ, ಆಮೇಲೆ ಅದಕ್ಕೆ ಏನೇನು ಆಯಿತು? ವಾಟರ್ ಸರ್ವೀಸ್ ಆಯಿತೇ, ಆಯಿಲ್ ಬದಲಾಯಿತೇ, ಹೊಸ ಲೈಟ್ ಬಂತೇ, ಬೇರೆ ಬಂಕಿನ ಪೆಟ್ರೋಲ್ ಬಿತ್ತೇ? ನಾನು ಕಂಡ ದೋಷಗಳಲ್ಲಿ ಅರ್ಧಕ್ಕರ್ಧ ಈ ಉತ್ತರದಲ್ಲೇ ಸಿಕ್ಕಿವೆ. ಕೆಳಗಿರುವುದು ಹೆಚ್ಚಾಗಿ 100ರಿಂದ 150 ಸಿಸಿಯ ದಿನಬಳಕೆ ಗಾಡಿಗಳಿಗೆ ಹೊಂದುವ ಮಾತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಬಹುತೇಕ ಹೊಸ ಗಾಡಿಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಅಂಥವಕ್ಕೆ ಎಲ್ಲಿ ದಾರಿ ಬೇರೆಯೋ ಅಲ್ಲಿ ಹೇಳಿದ್ದೇನೆ.

ಬೇಕಾದ ಸಾಮಾನು ಸ್ವಲ್ಪವೇ. ಗಾಡಿ ಜೊತೆ ಬಂದ ಟೂಲ್ ಕಿಟ್, ಪ್ಲಗ್ ಸ್ಪ್ಯಾನರ್, ಒಂದು ಸಾದಾ ಮಲ್ಟಿಮೀಟರ್, ಟಾರ್ಚ್, ಎಮರಿ ಪೇಪರ್, ಒಂದು ಗಾಜಿನ ಬಾಟಲಿ. ಜೊತೆಗೆ ಗಾಡಿ ಕೊಂಡಾಗ ಕೊಟ್ಟ ಓನರ್ಸ್ ಮ್ಯಾನ್ಯುಯಲ್. ಅದು ಸೀಟಿನಡಿ ಒದ್ದೆಯಾಗಿ ಮುದ್ದೆಯಾಗಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮಳೆಯೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತ್ರ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ತಲೆ ಸುತ್ತುವ ಹೊತ್ತಿಗೆ ತಡವಾಗಿರುತ್ತದೆ.

ಕೀ ತಿರುಗಿಸಿದರೂ ಗಾಡಿ ಸತ್ತ ಹಾಗಿದೆ

ಲೈಟ್ ಇಲ್ಲ, ಹಾರನ್ ಇಲ್ಲ, ನ್ಯೂಟ್ರಲ್ ದೀಪವೂ ಇಲ್ಲ. ಮೊದಲು ಫ್ಯೂಸ್ ನೋಡಿ. ಬ್ಯಾಟರಿ ಪಕ್ಕದ ಪುಟ್ಟ ಡಬ್ಬಿಯಲ್ಲಿ ಇರುತ್ತದೆ, ಸಾಮಾನ್ಯವಾಗಿ ಸ್ಪೇರ್ ಒಂದನ್ನು ಅಲ್ಲೇ ಇಟ್ಟಿರುತ್ತಾರೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಹೊಸದೂ ತಕ್ಷಣ ಸುಟ್ಟರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ ಎಂದರ್ಥ, ಮೂರನೆಯದು ಹಾಕಿ ಫ್ಯೂಸ್ ಹಾಳು ಮಾಡಬೇಡಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಜಾಣತನ ವೈರಿಂಗ್ ಹಾರ್ನೆಸ್ಸನ್ನೇ ಸುಡುತ್ತದೆ, ಮೇಲೆಯೇ ಪೆಟ್ರೋಲ್ ಟ್ಯಾಂಕ್ ಇದೆ.

ಫ್ಯೂಸ್ ಚೆನ್ನಾಗಿದ್ದರೆ ಬ್ಯಾಟರಿ ಟರ್ಮಿನಲ್ ನೋಡಿ. ಬಿಳಿ, ಹಸಿರು ಬೂಷ್ಟು ಹಿಡಿದಿದ್ದರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ. ಹಾಕುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಈ ಕ್ರಮ ತಪ್ಪಿದರೆ ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಚಾಸಿಗೆ ತಾಗಿ ಕಿಡಿ ಹಾರುತ್ತದೆ. ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಬೂಷ್ಟು ಬೇಗ ಮರಳುವುದಿಲ್ಲ.

ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್

ಮೋಟರಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ರಿಲೇ ಬಡಿದುಕೊಳ್ಳುತ್ತಿದೆ, ಮೋಟರ್ ತಿರುಗಿಸುವಷ್ಟು ಕರೆಂಟ್ ಇಲ್ಲ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿ ಅಳೆಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಅಥವಾ ಹೆಚ್ಚಿದ್ದರೆ ಬ್ಯಾಟರಿ ತುಂಬಿದೆ. 12.0ರ ಆಸುಪಾಸು ಇದ್ದರೆ ಬಹುತೇಕ ಖಾಲಿ. 12.6 ತೋರಿಸಿದ್ದು ಸೆಲ್ಫ್ ಒತ್ತಿದಾಗ 9ಕ್ಕೋ 8ಕ್ಕೋ ಕುಸಿದರೆ ಬ್ಯಾಟರಿಗೆ ವಯಸ್ಸಾಗಿದೆ. ಕುಸಿಯದೆ ನಿಂತೂ ಮೋಟರ್ ತಿರುಗದಿದ್ದರೆ ರಿಲೇ, ವೈರ್ ಜೋಡಣೆ ಅಥವಾ ಸ್ಟಾರ್ಟರ್ ಬ್ರಷ್ ಮೇಲೆ ಅನುಮಾನ.

ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಇನ್ನೊಂದು ಅಳತೆ. ಕಿಕ್ಕಿನಲ್ಲಿ ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಮೀಟರ್ 13.5ರಿಂದ 14.5 ತೋರಿಸಬೇಕು. 12.5ರಲ್ಲೇ ಕುಂತಿದ್ದರೆ ಚಾರ್ಜ್ ಆಗುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ವಾರದಲ್ಲಿ ಇದೇ ಕತೆ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬಲ್ಬ್ ಮೇಲೆ ಬಲ್ಬ್ ಸುಡುವುದು ಇದರ ಗುರುತು. ಆಗ ಗಾಡಿ ನಿಲ್ಲಿಸಿ, ಬ್ಯಾಟರಿ ಉಬ್ಬುತ್ತದೆ.

ಕಿಕ್ ಇಲ್ಲದ ಇಂಜೆಕ್ಷನ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುವ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಪೆಟ್ರೋಲ್ ಪಂಪಿಗೂ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೂ ಕರೆಂಟ್ ಬೇಕು. ಕಾರಿನ ಬ್ಯಾಟರಿಯಿಂದ ವೈರ್ ಕೊಡುವುದಾದರೆ ಕಾರಿನ ಇಂಜಿನ್ ಆಫ್ ಇರಲಿ.

ಕಿಕ್ ಹೊಡೆದು ಕಾಲು ಸೋತರೂ ಹಿಡಿಯುತ್ತಿಲ್ಲ

ಕಾಸಿಲ್ಲದ ತಪಾಸಣೆ ಮೊದಲು. ಕೆಂಪು ಕಿಲ್ ಸ್ವಿಚ್ ಮಕ್ಕಳ ಕೈಯಲ್ಲಿ ಆಫ್ ಆಗಿದೆಯೇ? ಪೆಟ್ರೋಲ್ ಕಾಕ್ ಆಫ್‌ನಲ್ಲಿದೆಯೇ? ಮೀಟರ್ ಮುಳ್ಳನ್ನು ನಂಬದೆ ಟ್ಯಾಂಕ್ ಮುಚ್ಚಳ ತೆಗೆದು ಗಾಡಿ ಅಲ್ಲಾಡಿಸಿ ನೋಡಿ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡಿಗೆ ಸೆನ್ಸರ್ ಇದೆ, ಅದಕ್ಕೆ ಕೆಸರು ಮೆತ್ತಿದರೆ ಸ್ಟ್ಯಾಂಡ್ ಎತ್ತಿದ್ದರೂ ಗಾಡಿಗೆ ಅದು ಕೆಳಗಿದ್ದ ಹಾಗೆ. ತೊಳೆದು ನೋಡಿ. ನಗಬೇಡಿ, ಇಷ್ಟಕ್ಕೇ ಟೆಂಪೋದಲ್ಲಿ ಪೇಟೆಗೆ ಹೋದ ಗಾಡಿಗಳನ್ನು ಕಂಡಿದ್ದೇನೆ.

ಇಷ್ಟಾದ ಮೇಲೆ ಪ್ಲಗ್. ಸುತ್ತಲ ಮಣ್ಣನ್ನು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಪ್ಲಗ್ ಬಿಚ್ಚಿದ ತೂತಿನಿಂದ ಮರಳು ನೇರ ಸಿಲಿಂಡರಿಗೆ. ಬಿಚ್ಚಿದ ಪ್ಲಗ್ಗಿನ ಮೂತಿ ಜ್ವರದ ರೋಗಿಯ ನಾಲಿಗೆ ಇದ್ದ ಹಾಗೆ, ಒಳಗಿನ ಸುದ್ದಿ ಹೇಳುತ್ತದೆ. ಕಾಫಿಪುಡಿ ಬಣ್ಣವಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಚೋಕ್ ಎಳೆದೇ ಓಡಿಸಿದ್ದೀರಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಸವರಿದ ಹಾಗೆ ಒದ್ದೆ ಕಪ್ಪಿದ್ದರೆ ಇಂಜಿನ್ ಆಯಿಲ್ ಮೇಲೆ ಬರುತ್ತಿದೆ. ಬೂದಿಯಂತೆ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಬರೀ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿ ಇಲ್ಲ, ಅಥವಾ ಕಿಕ್ ಹೊಡೆದು ಹೊಡೆದು ನೀವೇ ಮುಳುಗಿಸಿದ್ದೀರಿ.

ಕಿಡಿ ನೋಡುವುದು ಹೀಗೆ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ, ಕ್ಯಾಪಿನ ರಬ್ಬರನ್ನು ಒಣಬಟ್ಟೆಯಲ್ಲಿ ಹಿಡಿದು ಕಿಕ್ ಹೊಡೆಯಿರಿ. ನೀಲಿ ಕಿಡಿ ಚಟ್ ಎಂದು ಹಾರಬೇಕು. ಪ್ಲಗ್ ತೂತಿನಿಂದ ದೂರವಿರಲಿ. ಪ್ರತಿ ಕಿಕ್ಕಿಗೂ ಆ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಭಗ್ಗೆನ್ನುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಈ ಪರೀಕ್ಷೆ ನನಗೆ ಇಷ್ಟವಿಲ್ಲ, ಅರ್ತ್ ಸರಿಯಾಗಿ ತಾಗದಿದ್ದರೆ ಇಸಿಯುಗೆ ಪೆಟ್ಟು ಬೀಳಬಹುದು.

ಕಿಡಿ ಮಂಕಾಗಿ ಹಳದಿಯಿದ್ದರೆ, ಇಲ್ಲವೇ ಇಲ್ಲದಿದ್ದರೆ, ಕ್ಯಾಪನ್ನು ವೈರಿನಿಂದ ತಿರುಪಿ ಬಿಚ್ಚಿ. ಒಳಗಿನ ತಂತಿಯ ತುದಿ ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಪಿ ಕೂರಿಸಿ. ನನ್ನ ಅಂದಿನ ದೋಷ ಇದೇ ಜಾಗದಲ್ಲಿ ಇದ್ದದ್ದು. ಪ್ಲಗ್ ಗ್ಯಾಪ್ ಈ ಗಾಡಿಗಳಲ್ಲಿ ಬಹುತೇಕ 0.7ರಿಂದ 0.9 ಮಿ.ಮೀ. ಒಳಗಿರುತ್ತದೆ, ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. ಫೀಲರ್ ಗೇಜ್ ಇಲ್ಲದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು, ಅದರ ದಪ್ಪ 0.76 ಮಿ.ಮೀ. ಪ್ಲಗ್ ವಾಪಸ್ ಹಾಕುವಾಗ ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ತಿರುಗಿಸಿ. ಅಡ್ಡ ಕೂತರೆ ಅಲ್ಯೂಮಿನಿಯಂ ಹೆಡ್ಡಿನ ಮರೆ (ಪ್ಲಗ್ ತಿರುಪಿ ಕೂರುವ ಥ್ರೆಡ್) ಹೋಗುತ್ತದೆ. ಮರೆ ಹೋಯಿತೋ ಅಲ್ಲಿಗೆ ಕೈಬಿಡಿ, ಅದು ಲೇತ್ ಅಂಗಡಿಯ ಕೆಲಸ.

ಇಷ್ಟೆಲ್ಲ ಮಾಡಿ, ಬೇರೆ ಪ್ಲಗ್ ಹಾಕಿ ನೋಡಿದರೂ ಕಿಡಿಯಿಲ್ಲದಿದ್ದರೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್, ಕಿಡಿಯ ಹೊತ್ತು ನಿಯಂತ್ರಿಸುವ ಸಿಡಿಐ ಡಬ್ಬಿ, ಅದಕ್ಕೆ ಸಂಕೇತ ಕೊಡುವ ಪಲ್ಸರ್ ಕಾಯಿಲ್ ಉಳಿಯುತ್ತವೆ. ಅಂದಾಜಿನ ಮೇಲೆ ಇವನ್ನು ಕೊಳ್ಳಬೇಡಿ. ಅಂಥದೇ ಗಾಡಿ ಇರುವ ಗೆಳೆಯನಿದ್ದರೆ ಅವನ ಸಿಡಿಐ ಸಿಕ್ಕಿಸಿ ನೋಡಿ, ಇಲ್ಲದಿದ್ದರೆ ಮೆಕ್ಯಾನಿಕ್ಕಿಗೆ ಬಿಡಿ.

ಕಿಡಿ ಇದೆ, ಆದರೂ ಹಿಡಿಯುತ್ತಿಲ್ಲ

ಪೆಟ್ರೋಲಿನ ಕಡೆ ತಿರುಗಿ. ಕಾರ್ಬುರೇಟರಿನ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಇಂಜಿನ್ ತಣ್ಣಗಿರುವಾಗ ಅದರ ಪೈಪಿನಡಿ ಗಾಜಿನ ಬಾಟಲಿ ಹಿಡಿದು ಸ್ಕ್ರೂ ಸಡಿಲಿಸಿ. ಏನೂ ಬರದಿದ್ದರೆ ಕಾಕ್ ಅಥವಾ ಪೈಪ್ ಕಟ್ಟಿದೆ. ಬಂದರೆ ಬಾಟಲಿಯನ್ನು ಐದು ನಿಮಿಷ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಪಾದರಸದ ಹನಿಯಂತೆ ಉರುಳಾಡುವ ಗುಳ್ಳೆ ಕಂಡರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಸ್ವಲ್ಪ ನೀರನ್ನು ಹೀರಿಕೊಂಡು ಸುಮ್ಮನಿರುತ್ತದೆ, ಮಿತಿ ಮೀರಿದಾಗ ನೀರಿನ ಜೊತೆ ತಾನೂ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಆಗ ಬಾಟಲಿಯಲ್ಲಿ ಹನಿಯ ಬದಲು ಎರಡು ಪದರವೇ ಕಾಣುತ್ತದೆ. ಆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸದೆ ಬೇರೆ ದಾರಿಯಿಲ್ಲ. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಗಳಿಗೆ ಮಲೆನಾಡಿನಲ್ಲಿ ಇದು ಮಾಮೂಲು.

ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆಯುತ್ತಿದ್ದರೆ ಇಂಜಿನ್ ಮುಳುಗಿದೆ. ಕಾಕ್ ಆಫ್, ಚೋಕ್ ಆಫ್, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಎಂಟು ಹತ್ತು ಕಿಕ್ ಹೊಡೆಯಿರಿ. ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕುತ್ತಲೇ ಇದ್ದರೆ ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟಿನ ಪಿನ್ ಸಿಕ್ಕಿಕೊಂಡಿದೆ, ಕಾರ್ಬುರೇಟರಿನ ತಳದ ಬೌಲಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಬಿಡುತ್ತದೆ.

ಕಾರ್ಬುರೇಟರ್ ಬಿಚ್ಚಲೇಬೇಕಾದರೆ ಎರಡು ಮಾತು. ಏರ್ ಸ್ಕ್ರೂವನ್ನು ತೆಗೆಯುವ ಮೊದಲು ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಎಣಿಸಿ ಗೋಡೆಯ ಮೇಲೆ ಬರೆದಿಡಿ. ಪೈಲಟ್ ಜೆಟ್ಟಿಗೆ ಪಿನ್ನು, ತಂತಿ ಚುಚ್ಚಬೇಡಿ. ಅದು ಮೆತ್ತನೆ ಹಿತ್ತಾಳೆ, ತೂತು ಒಂದು ಕೂದಲಷ್ಟು ಹಿಗ್ಗಿದರೂ ಮೈಲೇಜ್ ಹೋಯಿತು. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಹಾಕಿ.

ಇಂಜೆಕ್ಷನ್ ಗಾಡಿಗೆ ಇಷ್ಟು ಬಿಚ್ಚಾಟವಿಲ್ಲ. ಕೀ ಆನ್ ಮಾಡಿದಾಗ ಟ್ಯಾಂಕಿನೊಳಗೆ ಎರಡು ಸೆಕೆಂಡ್ ಜುಂಯ್ ಎನ್ನುವ ಪಂಪ್ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್ ಮತ್ತು ಬ್ಯಾಟರಿ ನೋಡಿ. ಇಂಜಿನ್ ಚಿತ್ರದ ಹಳದಿ ದೀಪ ಆರದೆ ಉಳಿದರೆ, ಅಥವಾ ಮಿನುಗುತ್ತಿದ್ದರೆ, ಎಷ್ಟು ಸಲ ಮಿನುಗುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೋ ತೆಗೆದು ಸರ್ವೀಸ್ ಸೆಂಟರಿನಲ್ಲಿ ತೋರಿಸಿ. ಪಂಪಿನ ಪೈಪಿನಲ್ಲಿ ಒತ್ತಡ ತುಂಬಿರುತ್ತದೆ, ಮನೆಯಲ್ಲಿ ಬಿಚ್ಚುವುದು ಬೇಡ.

ಒಂದೆರಡು ಮೈಲಿ ಹೋಗಿ ಆಫ್, ಸ್ವಲ್ಪ ನಿಂತರೆ ಮತ್ತೆ ಸ್ಟಾರ್ಟ್

ಆಫ್ ಆದ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಂಯ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ತಕ್ಷಣ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಸೂಜಿಯಲ್ಲಿ ಬಿಡಿಸಿದರೆ ಮುಗಿಯಿತು. ಟ್ಯಾಂಕ್ ಕವರ್ ಹಾಕಿಸಿದ ಮೇಲೆ ಶುರುವಾದ ರೋಗವಾದರೆ ಕವರನ್ನೇ ಅನುಮಾನಿಸಿ. ಇದಲ್ಲದೆ ಇಂಜಿನ್ ಕಾದ ಮೇಲೆ ಕಿಡಿ ಸಾಯುತ್ತಿದ್ದರೆ ಇಗ್ನಿಷನ್ ಕಾಯಿಲ್ ಇರಬಹುದು.

ಮಳೆಯಲ್ಲಿ ಮಾತ್ರ ಮಿಸ್ ಹೊಡೆಯುತ್ತದೆ

ಕತ್ತಲಲ್ಲಿ ಇಂಜಿನ್ ಓಡುವಾಗ ಪ್ಲಗ್ ವೈರಿನ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ ದೂರ ನಿಂತು ನೋಡಿ. ಬಿರುಕಿದ್ದಲ್ಲಿ ನೀಲಿ ಗೆರೆ ಕುಣಿಯುತ್ತದೆ. ಮುಟ್ಟಿದರೆ ಒದೆ ಬೀಳುತ್ತದೆ. ಬಿರುಕು ಬಿಟ್ಟ ವೈರ್ ಅಥವಾ ಕ್ಯಾಪ್ ಬದಲಿಸಿ, ಒಣಗಿಸಿ ಹಾಕಿ. ಪ್ರೆಶರ್ ವಾಷ್ ಮಾಡಿಸಿದ ಮರುದಿನವೇ ಈ ತೊಂದರೆ ಬಂದರೆ ಹೊಸ ಸಾಮಾನು ಬೇಡ, ಬಿಸಿಲಿಗೆ ನಿಲ್ಲಿಸಿ.

ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ

ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಏರುತ್ತದೆ, ವೇಗ ಏರದು. ಕ್ಲಚ್ ಜಾರುತ್ತಿದೆ. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಇದೆಯೇ ನೋಡಿ. ಆಟವೇ ಇಲ್ಲದೆ ಬಿಗಿಯಿದ್ದರೆ ಕೇಬಲ್ ಸಡಿಲಿಸಿ, ಅಷ್ಟಕ್ಕೇ ಸರಿಹೋಗಬಹುದು.

ಹೋಗದಿದ್ದರೆ ಮೊದಲಿನ ಪ್ರಶ್ನೆಗೆ ಬನ್ನಿ: ಇತ್ತೀಚೆಗೆ ಆಯಿಲ್ ಬದಲಿಸಿದ್ದು ಯಾರು? ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್ ಬೈಕಿಗೆ ಸುರಿದವರನ್ನು ಕಂಡಿದ್ದೇನೆ, ದುಬಾರಿಯದು, ಒಳ್ಳೆಯದು ಎಂಬ ಹೆಮ್ಮೆ ಬೇರೆ. ಬೈಕಿನ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುತ್ತದೆ, ಅದು ಪ್ಲೇಟಿನ ಹಿಡಿತವನ್ನೂ ತಗ್ಗಿಸುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2) ಎಂದಿರಬೇಕು, ಅದು ಇಂಥ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು. ತಪ್ಪು ಆಯಿಲ್ ಬಿದ್ದಿದ್ದರೆ ಪೂರ್ತಿ ಇಳಿಸಿ ಸರಿಯಾದ್ದು ಹಾಕಿ, ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸಿ. ಆಮೇಲೂ ಜಾರಿದರೆ ಪ್ಲೇಟ್ ಸವೆದಿದೆ.

ಹೊಸ ಲೈಟ್ ಹಾಕಿಸಿದ ಮೇಲೆ ಬೆಳಿಗ್ಗೆ ಬ್ಯಾಟರಿ ಡೌನ್

ಪಕ್ಕದ ಮನೆಯ ಹುಡುಗ ಪೇಟೆಯ ಅಂಗಡಿಯೊಂದರಲ್ಲಿ ಎರಡು ಎಲ್‌ಇಡಿ ಫಾಗ್ ಲೈಟ್ ಹಾಕಿಸಿಕೊಂಡು ಬಂದ. ಒಂದು ವಾರ ಘಟ್ಟದ ಮಂಜಿನಲ್ಲಿ ಮೆರೆದ. ಆಮೇಲೆ ದಿನಾ ಬೆಳಿಗ್ಗೆ ಸೆಲ್ಫ್ ಟಕ್ ಟಕ್. ಅಂಗಡಿಯವನು ಹೊಸ ಬ್ಯಾಟರಿ ಹಾಕು ಎಂದ, ಇವನು ಹಾಕಿದ. ಎರಡೇ ದಿನಕ್ಕೆ ಅದೂ ಮಲಗಿತು.

ಕೀ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟರ್ಮಿನಲ್ಲಿಗೂ ವೈರಿಗೂ ನಡುವೆ ಮೀಟರನ್ನು 10 ಆಂಪಿಯರ್ ಪೋರ್ಟಿನಲ್ಲಿ ಸಿಕ್ಕಿಸಿದೆ. (ಹೀಗೆ ಸಿಕ್ಕಿಸಿರುವಾಗ ಸೆಲ್ಫ್ ಒತ್ತಬಾರದು, ಮೀಟರ್ ಸುಡುತ್ತದೆ.) ಎಲ್ಲ ಆಫ್ ಇದ್ದಾಗ ಗಡಿಯಾರಕ್ಕೆ ಬೇಕಾದ ಕೆಲವೇ ಮಿಲಿಆಂಪಿಯರ್ ಇರಬೇಕು. ಅಲ್ಲಿ 0.2 ಆಂಪಿಯರ್ ತೋರಿಸಿತು. ಅವನದು 4 ಆಂಪಿಯರ್-ಅವರ್ ಬ್ಯಾಟರಿ. ಭಾಗಿಸಿ ನೋಡಿ, ಇಪ್ಪತ್ತು ಗಂಟೆಗೆ ಪೂರ್ತಿ ಖಾಲಿ. ಸೆಲ್ಫ್ ತಿರುಗದಷ್ಟು ಸೋಲಲು ಒಂದು ರಾತ್ರಿ ಸಾಕು. ಫಾಗ್ ಲೈಟಿನ ರಿಲೇ ಎಳೆದ ಕ್ಷಣ ಮೀಟರ್ ಸೊನ್ನೆಗೆ ಇಳಿಯಿತು. ರಿಲೇಯನ್ನು ಎಚ್ಚರಿಸುವ ವೈರನ್ನು ಕೀ ದಾಟಿ ಬರುವ ಕರೆಂಟಿಗೆ ಕೊಡುವ ಬದಲು ನೇರ ಬ್ಯಾಟರಿಗೇ ಕೊಟ್ಟಿದ್ದರು. ಸ್ವಿಚ್ ಇದ್ದದ್ದು ರಿಲೇಗೂ ಲೈಟಿಗೂ ನಡುವೆ, ಹಾಗಾಗಿ ಲೈಟ್ ಆಫ್ ಇದ್ದರೂ ರಿಲೇ ರಾತ್ರಿಯಿಡೀ ಎಚ್ಚರವಿತ್ತು.

ಸರಿಯಾದ ಜೋಡಣೆ ಹೀಗೆ. ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನು, 87ರಿಂದ ಲೈಟಿಗೆ, 85 ಅರ್ತಿಗೆ, 86ಕ್ಕೆ ಕೀ ಆನ್ ಇದ್ದಾಗ ಮಾತ್ರ ಬರುವ ವೈರು, ನಡುವೆ ಸ್ವಿಚ್. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು, ಲೈಟಿನ ಹತ್ತಿರವಲ್ಲ. 20 ವ್ಯಾಟಿನ ಎರಡು ಲೈಟಿಗೆ 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ಬೇಕು, 5 ಆಂಪಿಯರ್ ಫ್ಯೂಸ್ ಸಾಕು. ವೈರಿನ ಸಿಪ್ಪೆ ಸುಲಿದು ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲ ಬಾಳುವುದಿಲ್ಲ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ.

ಹೆಡ್‌ಲೈಟಿಗೆ 35 ವ್ಯಾಟ್ ಜಾಗದಲ್ಲಿ 100 ವ್ಯಾಟ್ ಬಲ್ಬ್ ತುರುಕಿದರೆ ಕರೆಂಟ್ ಮೂರು ಆಂಪಿಯರಿನಿಂದ ಎಂಟಕ್ಕೆ ಏರುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಕರಗಿದ ವಾಸನೆಯೇ ಮೊದಲ ಲಕ್ಷಣ. ಹಳೆಯ ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದಲ್ಲ, ನೇರ ಮ್ಯಾಗ್ನೆಟ್ಟಿನ ಎಸಿ ಕರೆಂಟಿನಿಂದ ಉರಿಯುತ್ತದೆ. ಅಲ್ಲಿ ಡಿಸಿ ಎಲ್‌ಇಡಿ ಹಾಕಿ ಮಿಣಮಿಣ ಎಂದರೆ ಬಲ್ಬಿನ ತಪ್ಪಲ್ಲ. ಸೈಲೆನ್ಸರ್ ಬದಲಿಸುವ ಉಮೇದಿನವರು ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಳ್ಳಿ.

ಹೊಗೆ

ಚಳಿಯ ಬೆಳಿಗ್ಗೆ ಬಿಳಿ ಹೊಗೆ ಬಂದು ಐದು ನಿಮಿಷಕ್ಕೆ ನಿಂತರೆ ಅದು ನೀರಾವಿ, ಮರೆತುಬಿಡಿ. ಕಪ್ಪು ಹೊಗೆಗೆ ಏರ್ ಫಿಲ್ಟರ್, ಚೋಕ್ ನೋಡಿ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ನೀವೇ ಆಯಿಲ್ ಬದಲಿಸಿದ ಮೇಲೆ ಶುರುವಾಗಿದ್ದರೆ ಜಾಸ್ತಿ ಸುರಿದಿದ್ದೀರಿ, ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಅಳತೆ ಸರಿಯಿದ್ದೂ ನೀಲಿ ಹೊಗೆ ನಿಲ್ಲದಿದ್ದರೆ ವಾಲ್ವ್ ಸೀಲ್ ಅಥವಾ ರಿಂಗ್, ಇಂಜಿನ್ ಬಿಚ್ಚುವ ಕೆಲಸ.

ಹಿಂದಿನಿಂದ ಕಟಕಟ ಸದ್ದು

ಚೈನ್. ನಡುವೆ ಬೆರಳಿನಲ್ಲಿ ಎತ್ತಿದರೆ 25-30 ಮಿ.ಮೀ. ಆಡಬೇಕು, ನಿಮ್ಮ ಗಾಡಿಯ ಅಂಕಿ ಚೈನ್ ಕವರಿನ ಮೇಲೆ ಅಥವಾ ಮ್ಯಾನ್ಯುಯಲ್‌ನಲ್ಲಿದೆ. ಚಕ್ರ ತಿರುಗಿಸುತ್ತ ನಾಲ್ಕು ಜಾಗದಲ್ಲಿ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಿದ್ದರೆ ಚೈನ್ ಸವೆದಿದೆ, ಸ್ಪ್ರಾಕೆಟ್ ಸಮೇತ ಸೆಟ್ಟನ್ನೇ ಬದಲಿಸಿ. ಇಂಜಿನ್ ಆನ್ ಮಾಡಿ ಗೇರ್ ಹಾಕಿ ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಿ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿಗೆ ಹೋಗುತ್ತದೆ.

ಬ್ರೇಕ್ ಲಿವರ್ ಸ್ಪಂಜಿನ ಹಾಗಿದೆ

ಡ್ರಮ್ ಬ್ರೇಕಾದರೆ ಅಡ್ಜಸ್ಟ್ ಮಾಡಿ ನೋಡಿ. ಬ್ರೇಕ್ ಹಿಡಿದಾಗ ಬಾಣದ ಗುರುತು ಡ್ರಮ್ಮಿನ ಮೇಲಿನ ಗುರುತಿಗೆ ತಲುಪಿದ್ದರೆ ಶೂ ಮುಗಿದಿದೆ. ಡಿಸ್ಕಾದರೆ ಪ್ಯಾಡಿನ ದಪ್ಪ ಮತ್ತು ಫ್ಲೂಯಿಡ್ ಮಟ್ಟ ನೋಡುವವರೆಗೆ ಮಾತ್ರ ಮನೆಯ ಕೆಲಸ. ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸಬೇಡಿ, ಪ್ಯಾಡ್ ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ. ಲಿವರ್ ಒತ್ತಿದರೆ ಮೆತ್ತಗೆ ಹ್ಯಾಂಡಲ್ಲಿನವರೆಗೆ ಹೋದರೆ ಲೈನಿನಲ್ಲಿ ಗಾಳಿಯಿದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಆ ಗಾಳಿ ತೆಗೆಯುವ ಕ್ರಮವೇ ಬೇರೆ. ಆ ಸ್ಥಿತಿಯಲ್ಲಿ ನಿಧಾನಕ್ಕೆ ಪೇಟೆಯವರೆಗೆ ಓಡಿಸಿಕೊಂಡು ಹೋಗುತ್ತೇನೆ ಎನ್ನಬೇಡಿ. ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ, ಅಥವಾ ಅಡಿಕೆ ಮಂಡಿಗೆ ಹೊರಟ ಪಿಕಪ್ಪಿನಲ್ಲಿ ಗಾಡಿಯನ್ನು ಕಟ್ಟಿ ಕಳಿಸಿ.